ಕೊನೆಯವರು ಬರುವ ತನಕ ಕೂತಿದ್ದವರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷಯದ್ದು. ಸೈಕಲ್, ಚಾರಣ, ಬಂಡೆ ಹತ್ತುವುದು ಅಂತ ಭಾನುವಾರ ಮನೆಯಿಂದ ಹೊರಡುವ ಗುಂಪುಗಳಲ್ಲಿ ಸಂಬಳವಿಲ್ಲದೆ, ಹೆಸರಿಲ್ಲದೆ ದುಡಿಯುವ ಒಬ್ಬರು ಇದ್ದೇ ಇರುತ್ತಾರೆ. ಅವರು ತೀರಿಕೊಂಡಾಗ ಉಳಿದವರು ಏನು ಮಾಡಬೇಕು? ನಾಲ್ಕು ಊರಿನ ನಾಲ್ಕು ಜನ ಇದನ್ನೇ ಬೇರೆಬೇರೆ ರೀತಿಯಲ್ಲಿ ಕೇಳಿದ್ದಾರೆ. ಮಂಡಿನೋವು, ಶೂ, ಟೆಂಟಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಇದಕ್ಕೇ ಜಾಗ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಾನು ನಾಲ್ಕು ವರ್ಷದಿಂದ ಬ್ರೆವೆ ಅನ್ನುವ ದೂರದ ಸವಾರಿಗಳಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು, ಎಲ್ಲರೂ ಅಂಕಲ್ ಅಂತಲೇ ಕರೆಯುತ್ತಿದ್ದೆವು. ಮಂಡಿ ಕೈಕೊಟ್ಟ ಮೇಲೆ ಅವರು ಸೈಕಲ್ ಬಿಟ್ಟು ಸ್ವಯಂಸೇವಕರಾದರು. ಹಾಸನದ ಕಡೆ ಹೋಗಿ ಬರುವ 400 ಕಿ.ಮೀ. ಬ್ರೆವೆಯಲ್ಲಿ, ವಾಪಸ್ ಬರುವಾಗ ಬೆಳ್ಳೂರು ಕ್ರಾಸ್ ಹತ್ತಿರ 300ನೇ ಕಿ.ಮೀ. ಕಂಟ್ರೋಲ್, ಅಂದರೆ ಸವಾರರ ಕಾರ್ಡಿಗೆ ಸೀಲ್ ಒತ್ತುವ ಜಾಗ, ಯಾವಾಗಲೂ ಅವರದೇ. ನನ್ನ ಮೊದಲ 400ರಲ್ಲಿ ಅಲ್ಲಿಗೆ ತಲುಪಿದಾಗ ರಾತ್ರಿ 1 ಗಂಟೆ 52 ನಿಮಿಷ. 2 ಗಂಟೆಗೆ ಮುಚ್ಚುತ್ತಿತ್ತು. ಕೈ ಎಷ್ಟು ಮರಗಟ್ಟಿತ್ತು ಅಂದರೆ ಚೀಲದ ಜಿಪ್ ಎಳೆಯಲು ಆಗುತ್ತಿರಲಿಲ್ಲ. ಅವರೇ ಕಾರ್ಡ್ ತೆಗೆದು, ಸೀಲ್ ಒತ್ತಿ, ಸಮಯ ಬರೆದು, ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ ಕೊಟ್ಟರು. ನಾನು ಅಳುತ್ತಿದ್ದೆ. "ಮೊದಲು ತಿನ್ನಮ್ಮಾ, ಅಳೋದು ಆಮೇಲೆ" ಅಂದರು. ಎರಡು ತಿಂಗಳ ಹಿಂದೆ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು. ಈಗ ಗುಂಪಿನಲ್ಲಿ ಚರ್ಚೆ. ಫೋಟೋ ಇರುವ ಟೀ ಶರ್ಟ್, ಅವರ ಹೆಸರಿನ ಟ್ರೋಫಿ, ಬ್ರೆವೆಗೇ ಅವರ ಹೆಸರು, ಹೀಗೆ ಒಬ್ಬೊಬ್ಬರದು ಒಂದೊಂದು. ನನಗೆ ಯಾವುದೂ ಸರಿ ಅನ್ನಿಸುತ್ತಿಲ್ಲ, ಯಾಕೆ ಅಂತ ಹೇಳಲೂ ಬರುತ್ತಿಲ್ಲ. ಏನು ಮಾಡಬಹುದು?
ವಿಜಯನಗರ, ಬೆಂಗಳೂರು

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬ್ರೆವೆ ಗೊತ್ತಿಲ್ಲದ ಓದುಗರಿಗೂ ಅಂಕಲ್ ಏನು ಮಾಡುತ್ತಿದ್ದರು ಅಂತ ಅರ್ಥ ಆಗಬೇಕು, ಅದಕ್ಕೆ ಮೊದಲು ಅದನ್ನು ಹೇಳಿಬಿಡುತ್ತೇನೆ.

ಬ್ರೆವೆ ಅಂದರೆ ರೇಸ್ ಅಲ್ಲ. ಮೊದಲು ಬಂದವರು, ಎರಡನೆಯವರು ಅನ್ನುವ ಲೆಕ್ಕವೇ ಇಲ್ಲ. ಗೊತ್ತುಮಾಡಿದ ದಾರಿಯನ್ನು ಗೊತ್ತುಮಾಡಿದ ಸಮಯದಲ್ಲಿ ಮುಗಿಸಿದರೆ ಸಾಕು: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ದಾರಿಯ ಮಧ್ಯೆ ಕಂಟ್ರೋಲ್‌ಗಳಿರುತ್ತವೆ. ಅಲ್ಲಿ ಕಾರ್ಡಿಗೆ ಸೀಲ್ ಬೀಳಬೇಕು. ಒಂದು ಕಂಟ್ರೋಲಿನಿಂದ ಇನ್ನೊಂದರ ತನಕ ಯಾರೂ ಕಾರಿನಲ್ಲಿ ಹಿಂದೆ ಬಂದು ಸಹಾಯ ಮಾಡುವ ಹಾಗಿಲ್ಲ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಹಸಿವಾದರೆ ನೀವೇ ಅಂಗಡಿ ಹುಡುಕಬೇಕು. ನಿಮ್ಮದೇ ಅಂತ ಒಬ್ಬರು ಕಾಯುತ್ತಾ ಇರುವುದು ಕಂಟ್ರೋಲಿನಲ್ಲಿ ಮಾತ್ರ.

ಈಗ ಬೆಳ್ಳೂರು ಕ್ರಾಸಿನ ಲೆಕ್ಕ ನೋಡಿ. ಬೆಳಿಗ್ಗೆ 6ಕ್ಕೆ ಹೊರಟ ಬ್ರೆವೆಯಲ್ಲಿ 300ನೇ ಕಿ.ಮೀ. ಕಂಟ್ರೋಲ್ ನಿಯಮದ ಪ್ರಕಾರ ಮಧ್ಯಾಹ್ನ 3ಕ್ಕೆ ತೆರೆಯುತ್ತದೆ, ರಾತ್ರಿ 2ಕ್ಕೆ ಮುಚ್ಚುತ್ತದೆ. ಹನ್ನೊಂದು ಗಂಟೆ! ಮೊದಲು ಬರುವ ಗಟ್ಟಿಗರಿಗೆ ಸೀಲ್ ಒತ್ತುವುದು ಸುಲಭ, ಅವರು ನಗುತ್ತಾ ಬರುತ್ತಾರೆ, ನಗುತ್ತಾ ಹೋಗುತ್ತಾರೆ. ಸಂಜೆ ಗುಂಪು ಗುಂಪಾಗಿ ಬರುತ್ತಾರೆ, ಮಾತು, ಗಲಾಟೆ, ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಹನ್ನೆರಡರ ನಂತರ ಯಾರೂ ಇಲ್ಲ. ಲಾರಿಗಳು ಮಾತ್ರ. ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರಿಗೆ ಗುರುತು ಬಿದ್ದಿಲ್ಲ, ಫೋನ್ ಮಾಡಿದರೆ ಸ್ವಿಚ್ ಆಫ್, ಬರುತ್ತಾರೋ ಬಸ್ ಹತ್ತಿ ಮನೆಗೆ ಹೋದರೋ ಗೊತ್ತಿಲ್ಲ, ಆದರೂ ದೂರದಲ್ಲಿ ಒಂದು ಸಣ್ಣ ದೀಪ ಅಲ್ಲಾಡುತ್ತಾ ಬರುತ್ತದೇನೋ ಅಂತ ರಸ್ತೆ ನೋಡುತ್ತಾ ಕೂರಬೇಕು. ನಿಮ್ಮ ಅಂಕಲ್ ಸ್ವಯಂಸೇವಕರಾಗಿದ್ದು ಆ ಎರಡು ಗಂಟೆಯಲ್ಲಿ. ನಿಮ್ಮ ದೀಪ ಅವರಿಗೆ ಕಂಡಿದ್ದು ಆಗ.

ಟೀ ಶರ್ಟು, ಟ್ರೋಫಿ ನಿಮಗೆ ಸರಿಹೋಗದಿರುವುದು ಇದಕ್ಕೇ ಇರಬೇಕು. ಅವು ಹಗಲಿನ ಕೆಲಸ, ಎಲ್ಲರಿಗೂ ಕಾಣುವಂಥವು. ಟೀ ಶರ್ಟಿಗೆ ನನ್ನದು ಖಂಡಿತ ಬೇಡ. ಎರಡು ವರ್ಷದಲ್ಲಿ ಅದು ಸ್ಕೂಟರ್ ಒರೆಸುವ ಬಟ್ಟೆ ಆಗುತ್ತದೆ, ಅವರ ಮುಖಕ್ಕೆ ಆ ಗತಿ ಬರುವುದು ಬೇಡ. ಬೇಗ ಬಂದವರಿಗೆ ಟ್ರೋಫಿ ಅನ್ನುವುದಂತೂ ಬ್ರೆವೆಯ ಗುಣಕ್ಕೇ ಒಗ್ಗದ ಮಾತು. ಏನಾದರೂ ಕೊಡಲೇಬೇಕು ಅಂತಿದ್ದರೆ, ಸಮಯದೊಳಗೆ ಕೊನೆಯಲ್ಲಿ ಮುಗಿಸಿದವರಿಗೆ ಒಂದು ಸ್ಟೀಲ್ ಡಬ್ಬಿ ಕೊಡಿ. ಚಿತ್ರಾನ್ನ ತುಂಬಿ ಕೊಡಿ.

ಬ್ರೆವೆಗೆ ಹೆಸರಿಡುವುದು ಒಳ್ಳೆಯದೇ, ಮನೆಯವರನ್ನು ಕೇಳಿ ಇಡಿ. ಫ್ರಾನ್ಸಿನ ಸಾಂತ್ ಎಟಿಯೆನ್ ಊರಿನಲ್ಲಿ ಪೋಲ್ ದ ವಿವಿ ಅಂತ ಒಬ್ಬರಿದ್ದರು. ಊರೂರು ಸುತ್ತುವ ಸೈಕಲ್ ಸವಾರಿಯನ್ನು ಅಲ್ಲಿ ಬೆಳೆಸಿದವರು, ಅದಕ್ಕಾಗಿಯೇ ಒಂದು ಪತ್ರಿಕೆ ನಡೆಸಿದವರು. ವೆಲೋಸಿಯೊ ಅಂತ ಅವರ ಅಡ್ಡಹೆಸರು. 1930ರಲ್ಲಿ ಟ್ರಾಮ್ ಬಡಿದು ತೀರಿಕೊಂಡರು. ಅವರಿಗೆ ಕಲ್ಲಿನ ಸ್ಮಾರಕವೂ ಇದೆ. ಆದರೆ ನನಗೆ ಇಷ್ಟವಾದದ್ದು ಬೇರೆ. ಅವರು ಬದುಕಿದ್ದಾಗಲೇ, 1922ರಲ್ಲಿ, ಊರಾಚೆಯ ಘಟ್ಟವನ್ನು ಎಲ್ಲರೂ ಸೇರಿ ಸೈಕಲ್ಲಿನಲ್ಲಿ ಹತ್ತುವ ಒಂದು ದಿನವನ್ನು ಅವರ ಗೌರವಕ್ಕೆ ಅಂತ ಶುರುಮಾಡಿದರು. ಮಕ್ಕಳು ಮುದುಕರು ಎಲ್ಲರೂ ಬರುತ್ತಿದ್ದರು. ಅವರು ಹೋದ ಮೇಲೂ ಆ ದಿನ ಉಳಿಯಿತು. ಸ್ಮಾರಕಕ್ಕೆ ಹೂವಿಟ್ಟು ಬರಲು ಐದು ನಿಮಿಷ ಸಾಕು, ಘಟ್ಟ ಹತ್ತಲು ಕಾಲು ನೋಯಬೇಕು. ಆ ನೋವು ಬೇಕು ಅಂತ ನನಗೆ ಅನ್ನಿಸುತ್ತದೆ.

ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ 1200 ಕಿ.ಮೀ. ಸವಾರಿಯ ಬಗ್ಗೆ ನೀವು ಕೇಳಿಯೇ ಇರುತ್ತೀರಿ. 1891ರಲ್ಲಿ ರೇಸಾಗಿ ಶುರುವಾಗಿದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಹೆಚ್ಚಿನವರಿಗೆ 90 ಗಂಟೆಯ ಗಡುವು. ನಮ್ಮವರೂ ಹೋಗುತ್ತಾರೆ. ಆ ದಾರಿಯ ಲಾ ತಾನಿಯೇರ್ ಎಂಬ ಹಳ್ಳಿಯಲ್ಲಿ ಒಂದು ಕುಟುಂಬ ಮನೆ ಮುಂದೆ ಮೇಜು ಹಾಕಿ, ಹೋಗಿ ಬರುವವರಿಗೆಲ್ಲ ಕಾಫಿ, ನಮ್ಮ ದೋಸೆಯಂಥ ತೆಳ್ಳನೆ ಕ್ರೇಪ್ ಮಾಡಿ ಕೊಟ್ಟು ಹೆಸರಾಗಿದೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಊರಿಗೆ ಹೋದ ಮೇಲೆ ನಿಮ್ಮೂರಿನ ಒಂದು ಪೋಸ್ಟ್ ಕಾರ್ಡ್ ಹಾಕಿ ಅಂತಾರೆ, ಅಷ್ಟೇ. ನಮಗೆ ಇದು ಹೊಸದಲ್ಲ ಅಲ್ವಾ? ಬೇಸಿಗೆಯಲ್ಲಿ ದಾರಿ ಬದಿ ತೀರಿಕೊಂಡವರ ಹೆಸರಲ್ಲಿ ಅರವಟ್ಟಿಗೆ ಇಡುವುದನ್ನು ನಮ್ಮ ಹಿರಿಯರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಗಡಿಗೆಯಲ್ಲಿ ನೀರು, ಒಂದು ದಿನ ಮಜ್ಜಿಗೆ, ಹಬ್ಬ ಬಂದರೆ ಪಾನಕ. ಕುಡಿದು ಹೋದವರಿಗೆ ಅದು ಯಾರ ನೆನಪಿನದು ಅಂತ ಎಷ್ಟೋ ಸಲ ಗೊತ್ತೂ ಇರುತ್ತಿರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಬೆಳ್ಳೂರು ಕ್ರಾಸಿನ ಆ ಕಂಟ್ರೋಲನ್ನು ಬಿಡಬೇಡಿ. ಈಗೀಗ ಅಂಗಡಿ ಬಿಲ್ಲು, ಫೋನಿನ ಫೋಟೋ ತೋರಿಸಿದರೆ ಸಾಕು ಅಂತ ಎಷ್ಟೋ ಕಂಟ್ರೋಲ್‌ಗಳಲ್ಲಿ ಜನ ಕೂರುವುದೇ ನಿಂತಿದೆ. ನಿಯಮಕ್ಕೆ ಅದು ಸಾಕು. ಆದರೆ ರಾತ್ರಿ 1.52ಕ್ಕೆ ಬಿಲ್ಲು ಚಿತ್ರಾನ್ನ ಬಡಿಸುವುದಿಲ್ಲ. ವರ್ಷಕ್ಕೆ ಒಂದು ಬ್ರೆವೆಯಲ್ಲಾದರೂ ಅಲ್ಲಿ ಮಧ್ಯಾಹ್ನ 3ರಿಂದ ರಾತ್ರಿ 2ರ ತನಕ ಮನುಷ್ಯರು ಕೂರಲಿ. ಇಬ್ಬರು ಕೂತರೆ ಒಳ್ಳೆಯದು, ರಾತ್ರಿಯ ಹೆದ್ದಾರಿ. ಪಟ್ಟಿಯಲ್ಲಿರುವ ಕೊನೆಯ ಹೆಸರು ದಾಟಿತೋ, ಬಿಟ್ಟಿತೋ ಅಂತ ಖಚಿತವಾಗುವ ತನಕ ಮೇಜು ಮಡಚಬೇಡಿ. ಮೊದಲ ಸರದಿ ನೀವೇ ತೆಗೆದುಕೊಳ್ಳಿ.

ಟ್ರೋಫಿಗೆ ಅಂತ ಕೂಡಿದ ದುಡ್ಡಿದ್ದರೆ ಪ್ರಥಮ ಚಿಕಿತ್ಸೆಯ ತರಬೇತಿಗೆ ಹಾಕಿ. 108ಕ್ಕೆ ಫೋನ್ ಮಾಡಿದ ಮೇಲೆ ಆಂಬುಲೆನ್ಸ್ ಬರುವ ತನಕದ ಹೊತ್ತಿದೆಯಲ್ಲ, ಹೆದ್ದಾರಿಯಲ್ಲಿ ಅದು ತುಂಬ ದೊಡ್ಡದು. ಉಸಿರು ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು ಅಂತ ಓದಿದರೆ ಬರುವುದಿಲ್ಲ, ಗೊಂಬೆಯ ಮೇಲೆ ಕೈಯಿಟ್ಟು ಒತ್ತಿಯೇ ಕಲಿಯಬೇಕು. ನಿಮ್ಮ ಗುಂಪಿನ ಮೂವತ್ತು ಜನ ಕಲಿತರೆ ಆ ದಾರಿಯಲ್ಲಿ ಅವತ್ತು ಹೋಗುವ ಯಾರಿಗಾದರೂ ಉಪಯೋಗಕ್ಕೆ ಬಂದೀತು, ಸೈಕಲ್ಲಿನವರಿಗೇ ಅಂತಿಲ್ಲ.

ಇನ್ನೊಂದು ಕೆಲಸ ತಡಮಾಡದೆ ಮಾಡಿ. ಅಂಕಲ್‌ಗೆ ಗೊತ್ತಿದ್ದದ್ದೆಲ್ಲ ಬರೆದಿಡಿ. ಯಾವ ಬಂಕಿನಲ್ಲಿ ರಾತ್ರಿ ನೀರು ಸಿಗುತ್ತದೆ, ಯಾವ ಡಾಬಾದವರು ಎರಡು ಗಂಟೆಗೂ ಅನ್ನ ಹಾಕುತ್ತಾರೆ, ಯಾವ ಊರಿನ ರಸ್ತೆ ಹಂಪ್‌ಗೆ ಬಣ್ಣವಿಲ್ಲ, ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತವೆ. ಇಂಥದ್ದು ಅವರ ತಲೆಯಲ್ಲಿತ್ತು, ಅರ್ಧ ಅವರ ಜೊತೆ ಹೋಗಿಯೂ ಆಯಿತು. ಉಳಿದ ಅರ್ಧ ನಿಮ್ಮ ಹತ್ತು ಜನರ ತಲೆಯಲ್ಲಿ ಚೂರುಚೂರಾಗಿ ಇದೆ, ಒಂದು ಸಂಜೆ ಕೂತು ಜೋಡಿಸಿ.

ಪ್ರಶ್ನೆ: ನಮ್ಮ ಅಪ್ಪ ಇಪ್ಪತ್ತು ವರ್ಷ ಒಂದು ಚಾರಣದ ಗುಂಪಿನಲ್ಲಿದ್ದರು. ಪ್ರತಿ ಸಲವೂ ಎಲ್ಲರಿಗಿಂತ ಹಿಂದೆ ನಡೆಯುವವರು ಅವರೇ ಅಂತೆ. ಅಂತೆ ಅಂತ ಯಾಕೆ ಬರೆದೆ ಅಂದರೆ ನನಗೆ ಅದು ಗೊತ್ತಾಗಿದ್ದು ಅವರು ಹೋದ ಮೇಲೆ. ನಮಗೆ ಗೊತ್ತಿದ್ದದ್ದು ಭಾನುವಾರ ಅಪ್ಪ ಮನೆಯಲ್ಲಿರುವುದಿಲ್ಲ ಅಂತ ಮಾತ್ರ. ನನ್ನ ಎಷ್ಟೋ ಹುಟ್ಟುಹಬ್ಬಕ್ಕೆ ಇರಲಿಲ್ಲ. ಅಮ್ಮ ಬೈಯುತ್ತಿದ್ದಳು, ನಾನೂ ಮಾತು ಬಿಟ್ಟಿದ್ದೆ ಕೆಲವು ವರ್ಷ. ತಿಥಿಯ ದಿನ ಗುರುತೇ ಇಲ್ಲದ ನೂರಾರು ಜನ ಬಂದರು. ಒಬ್ಬ ಹುಡುಗ ನನ್ನ ಕೈ ಹಿಡಿದು, "ಅಕ್ಕಾ, ನಿಮ್ಮಪ್ಪ ನನ್ನನ್ನ ಬೆನ್ನ ಮೇಲೆ ಹೊತ್ತುಕೊಂಡು ಇಳಿಸಿದ್ರು" ಅಂತ ಅತ್ತ. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ನಮ್ಮನ್ನು ಯಾಕೆ ಹೀಗೆ ಹೊರಲಿಲ್ಲ ಅಂತ. ಹೀಗನ್ನಿಸುವುದು ತಪ್ಪಾ? ಇನ್ನೊಂದು, ಅಟ್ಟದ ಮೇಲೆ ಅವರ ಹಗ್ಗ, ಕೊಕ್ಕೆಗಳು, ಹೆಲ್ಮೆಟ್, ಶೂ, ಟೆಂಟ್ ಎಲ್ಲ ಇವೆ. ಹುಡುಗರು ಕೇಳುತ್ತಿದ್ದಾರೆ. ಕೊಡಬಹುದಾ?
ಧಾರವಾಡ

ಉತ್ತರ: ತಪ್ಪಲ್ಲ. ಖಂಡಿತ ತಪ್ಪಲ್ಲ.

ಸ್ವಯಂಸೇವಕರ ಬಗ್ಗೆ ಮಾತಾಡುವಾಗ ನಾವೆಲ್ಲ ಮರೆಯುವ ಮಾತು ಇದು. ಅವರು ನಮಗೆ ಕೊಟ್ಟ ಭಾನುವಾರ ಬೇರೆ ಯಾರದೋ ಮನೆಯದು. ನಿಮ್ಮ ಮನೆಯಿಂದ ಬಂದದ್ದು. ಆ ಹುಡುಗನನ್ನು ಬೆನ್ನ ಮೇಲೆ ಹೊತ್ತ ದಿನ ನಿಮ್ಮಮ್ಮ ಒಬ್ಬರೇ ಅಡುಗೆ ಮಾಡಿ, ಒಬ್ಬರೇ ನಿಮ್ಮನ್ನು ಮಲಗಿಸಿರುತ್ತಾರೆ. ತಿಥಿಗೆ ಬಂದ ನೂರಾರು ಜನ ನಿಮ್ಮಪ್ಪನಿಗೆ ಎಷ್ಟು ಋಣಿಗಳೋ ನಿಮ್ಮಮ್ಮನಿಗೂ ಅಷ್ಟೇ. ಚಾರಣದ ಗುಂಪುಗಳಲ್ಲಿರುವ ಎಲ್ಲರಿಗೂ ಇದನ್ನು ಹೇಳುತ್ತಿದ್ದೇನೆ: ಬದುಕಿರುವಾಗಲೇ ಒಂದು ಭಾನುವಾರ ಅವರ ಮನೆಗೆ ಹೋಗಿ, ಮನೆಯವರ ಎದುರಿಗೆ ಹೇಳಿ, ನಿಮ್ಮ ಯಜಮಾನರು, ನಿಮ್ಮಪ್ಪ, ನಿಮ್ಮಕ್ಕ ಹೀಗೆ ಮಾಡಿದರು ಅಂತ. ನೀವು ಹೇಳದಿದ್ದರೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಇಂಥವರು ತಾವಾಗಿ ಬಾಯಿಬಿಡುವವರಲ್ಲ.

ಹಿಂದೆ ನಡೆಯುವ ಕೆಲಸ ಏನು ಅಂತ ನಿಮಗೆ ಹೇಳಬೇಕು ಅನ್ನಿಸಿತು. ಮುಂದೆ ನಡೆಯುವವರಿಗೆ ದಾರಿ ಗೊತ್ತಿರಬೇಕು, ಹೌದು. ಹಿಂದೆ ನಡೆಯುವವರಿಗೆ ಜನ ಗೊತ್ತಿರಬೇಕು. ಯಾರಿಗೆ ಶೂ ಕಚ್ಚುತ್ತಿದೆ, ಯಾರು ನಾಚಿಕೆಯಿಂದ ಸುಸ್ತು ಅಂತ ಹೇಳುತ್ತಿಲ್ಲ, ಯಾರ ನೀರು ಖಾಲಿ. ತಮ್ಮ ನಡಿಗೆ ಬಿಟ್ಟು ಬೇರೆಯವರ ನಡಿಗೆಯಲ್ಲಿ ಇಡೀ ದಿನ ನಡೆಯಬೇಕು, ಅದು ಬೇಗ ನಡೆಯುವುದಕ್ಕಿಂತ ಕಷ್ಟ, ಸೊಂಟ ಹಿಡಿಯುತ್ತದೆ. ತುದಿ ತಲುಪಿ ಎಲ್ಲರೂ ಫೋಟೋ ತೆಗೆಸಿಕೊಂಡು ಕೂತಾದ ಮೇಲೆ ಇವರು ಕೊನೆಯವರ ಜೊತೆ ಬರುತ್ತಾರೆ, ಅಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ನಿಮ್ಮಪ್ಪನ ಫೋಟೋಗಳು ಆ ಇಪ್ಪತ್ತು ವರ್ಷದ್ದು ಹೆಚ್ಚು ಸಿಗುತ್ತಿಲ್ಲ ಅಲ್ವಾ? ಅದಕ್ಕೇ.

ಬಂದವರಿಗೆ ಒಂದು ಕೆಲಸ ಕೊಡಿ. ಪ್ರತಿಯೊಬ್ಬರೂ ನಿಮ್ಮಪ್ಪನ ಜೊತೆಗಿನ ಒಂದೇ ಒಂದು ಘಟನೆ ಬರೆದು ಕೊಡಲಿ. ಒಳ್ಳೆಯವರಿದ್ದರು, ದೇವರಂಥವರು ಅಂತ ಬರೆದರೆ ವಾಪಸ್ ಕೊಡಿ. ಯಾವ ಬೆಟ್ಟ, ಯಾವ ಕಾಲ, ಅವರು ಏನು ತಿನ್ನುತ್ತಿದ್ದರು, ಏನಂದರು, ಅದು ಬೇಕು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೊಂದಿದೆ, ಕ್ರಿ.ಶ. 949–50ರದು. ಗಂಗರ ದೊರೆ ಬೂತುಗನ ಆಳು ಮಣಲೇರ ಸಾಕಿದ ಕಾಳಿ ಅನ್ನುವ ಬೇಟೆನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೂ ನಿಂತ ಕಲ್ಲು ಅದು. ಸಾವಿರ ವರ್ಷದ ಮೇಲೆ ನಾನು ಅದರ ಎದುರು ನಿಂತಾಗ ನನಗೆ ಕಂಡಿದ್ದು ಹಂದಿಯ ಮೇಲೆ ಬಿದ್ದಿರುವ ನಾಯಿ. ಹೊಗಳಿಕೆ ಅಲ್ಲ, ಆ ಹೊಡೆದಾಟ. ಹೆಚ್ಚಿನ ವೀರಗಲ್ಲುಗಳಲ್ಲಿ ಮೇಲಿನ ಅಂಕಣಗಳು ಸ್ವರ್ಗದವು, ಅಲ್ಲಿ ಎಲ್ಲರೂ ಒಂದೇ ತರ ಇರುತ್ತಾರೆ. ಆ ಮನುಷ್ಯ ಯಾರು ಅಂತ ಗೊತ್ತಾಗುವುದು ಕೆಳಗಿನ ಅಂಕಣದಲ್ಲಿ. ನಿಮ್ಮಪ್ಪನದು ಆ ಕೆಳಗಿನ ಅಂಕಣ ನಿಮಗೆ ಬೇಕು. ಅದು ಬಂದಿರುವ ಜನರ ಹತ್ತಿರ ಇದೆ. ಓದಿದ ಮೇಲೂ ಸಿಟ್ಟು ಉಳಿದರೆ ಉಳಿಯಲಿ.

ಈಗ ಅಟ್ಟದ ಸಾಮಾನು. ಹಗ್ಗವನ್ನು ಹತ್ತಲು ಮಾತ್ರ ಯಾರಿಗೂ ಕೊಡಬೇಡಿ. ಹತ್ತುವ ಹಗ್ಗ ನೈಲಾನಿನದು, ನೋಡಲು ಹೊಸದರಂತೆ ಕಂಡರೂ ಒಳಗೆ ಬಲ ಹೋಗಿರುತ್ತದೆ. ಒಮ್ಮೆಯೂ ಬಳಸದಿದ್ದರೂ ಹತ್ತು ವರ್ಷಕ್ಕೆ ತೆಗೆದುಹಾಕಿ ಅಂತ ತಯಾರಿಸುವವರೇ ಸಾಮಾನ್ಯವಾಗಿ ಹೇಳುತ್ತಾರೆ. ಬಳಸಿದ್ದಾದರೆ ಇನ್ನೂ ಬೇಗ. ಅದು ಎಷ್ಟು ಸಲ ಬಿದ್ದವರನ್ನು ತಡೆದಿದೆ, ಯಾವ ಬಂಡೆಗೆ ಉಜ್ಜಿದೆ ಅನ್ನುವುದು ಗೊತ್ತಿದ್ದವರು ಒಬ್ಬರೇ, ಅವರು ಈಗಿಲ್ಲ. ಸೊಂಟಕ್ಕೆ ಕಟ್ಟುವ ಪಟ್ಟಿ, ಹೆಲ್ಮೆಟ್ ಕೂಡ ಹಾಗೇ. ಹುಡುಗರು ನೆನಪಿಗೆ ಅಂತ ಕೇಳಿದರೆ ಹಗ್ಗವನ್ನು ಕತ್ತರಿಸಿ ಒಂದೊಂದು ಮೊಳ ಕೊಡಿ, ಕತ್ತರಿಸಿದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ಅಷ್ಟುದ್ದದಲ್ಲಿ ಯಾರೂ ಜೀವ ನೇತುಹಾಕಲಾರರು, ಗಂಟು ಕಲಿಯಬಹುದು. ಲೋಹದ ಕೊಕ್ಕೆಗಳನ್ನು ತಿಳಿದವರು ನೋಡಿ ಸರಿಯಿದೆ ಅಂದರೆ ಬಳಸಬಹುದು. ಹಳೇ ಶೂ ಅಟ್ಟದಲ್ಲಿದ್ದರೆ ಅಟ್ಟೆ ಒಳಗೇ ಪುಡಿಯಾಗಿರುತ್ತದೆ, ಯಾರಾದರೂ ಹಾಕಿಕೊಂಡು ಬೆಟ್ಟಕ್ಕೆ ಹೋದರೆ ಅರ್ಧ ದಾರಿಯಲ್ಲಿ ಬಾಯಿಬಿಡುತ್ತದೆ. ಟೆಂಟು, ಮಲಗುವ ಚೀಲ ಬಿಸಿಲಿಗೆ ಹಾಕಿ ಕೊಡಿ, ಅದಕ್ಕೇನೂ ತೊಂದರೆಯಿಲ್ಲ.

ಬೆನ್ನುಚೀಲವನ್ನು ಕೊಡುವ ಮೊದಲು ಎಲ್ಲ ಜೇಬೂ ನೋಡಿ. ಹಿಂದೆ ನಡೆಯುವವರ ಚೀಲದ ಸಣ್ಣ ಜೇಬಿನಲ್ಲಿ ಎಷ್ಟೋ ಇರುತ್ತದೆ: ಹೊಲಿಯುವ ಸೂಜಿ, ಶುಂಠಿ ಪೆಪ್ಪರ್‌ಮೆಂಟು, ಯಾರದೋ ಫೋನ್ ನಂಬರಿನ ಚೀಟಿ. ಅದನ್ನು ನೀವೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಗುಂಪನ್ನು ಹದಿನೈದು ವರ್ಷ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತಿದ್ದ ಮೇಷ್ಟ್ರು ಈ ಮಳೆಗಾಲದಲ್ಲಿ ತೀರಿಕೊಂಡರು. ಅವರಿಗೆ ಇಷ್ಟವಾದ ಬೆಟ್ಟದ ತುದಿಯ ಬಂಡೆಗೆ ಗ್ರಾನೈಟ್ ಫಲಕ ಹಾಕಬೇಕು ಅಂತ ಗೆಳೆಯರು ದುಡ್ಡು ಕೂಡಿಸಿದ್ದಾರೆ. ನನಗೆ ಮನಸ್ಸಿಲ್ಲ. ಬೇಡ ಅಂದರೆ ಮೇಷ್ಟ್ರ ಮೇಲೆ ಪ್ರೀತಿಯಿಲ್ಲ ಅಂತಾರೆ.
ಚಿಕ್ಕಮಗಳೂರು

ಉತ್ತರ: ಬೇಡ ಅಂತಲೇ ಹೇಳಿ, ನನ್ನ ಹೆಸರು ಹೇಳಿ ಬೇಕಾದರೆ. ನಮ್ಮ ಹೆಚ್ಚಿನ ಬೆಟ್ಟಗಳು ಮೀಸಲು ಅರಣ್ಯದಲ್ಲೋ ಅಭಯಾರಣ್ಯದಲ್ಲೋ ಇವೆ. ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಬರುತ್ತದೆ. ಅಲ್ಲೆಲ್ಲ ಅರಣ್ಯ ಇಲಾಖೆಯನ್ನು ಕೇಳದೆ ಬಂಡೆ ಕೊರೆಯುವುದು, ಬಣ್ಣ ಬಳಿಯುವುದು ಅಪರಾಧ. ಆದರೆ ನಾನು ಕಾನೂನಿಗೋಸ್ಕರ ಮಾತ್ರ ಬೇಡ ಅನ್ನುತ್ತಿಲ್ಲ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ, 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಅಂತ ಘೋಷಿಸಿದರು. ಬಂಡೆ ಹತ್ತುವವರಿಗೆ ಬಹಳ ಪ್ರೀತಿಯ ಜಾಗ ಅದು. ಆದರೂ ಹಕ್ಕಿಗೆ ಜಾಗ ಬಿಡಬೇಕು ಅಂತ ಒಪ್ಪಿಕೊಂಡವರನ್ನು ನಾನು ನೋಡಿದ್ದೇನೆ. ಬೆಟ್ಟವನ್ನು ನಿಜವಾಗಿ ಪ್ರೀತಿಸಿದವರು ಹಾಗೇ. ಮೇಷ್ಟ್ರು ಹದಿನೈದು ವರ್ಷ ನಿಮಗೆ ಬಿಸ್ಕತ್ತಿನ ಕವರು ಕೂಡ ಜೇಬಿಗೆ ಹಾಕಿಕೊಂಡು ಇಳಿಯಿರಿ ಅಂತ ಹೇಳಿರುತ್ತಾರೆ. ಅವರ ಹೆಸರಿನಲ್ಲಿ ಅಲ್ಲಿ ಒಂದು ಕಲ್ಲು ಬಿಟ್ಟು ಬರುವುದಾ?

ಫಲಕ ಬೇಕೇ ಬೇಕು ಅಂದರೆ ಬೆಟ್ಟದ ಬುಡದ ಊರಿನಲ್ಲಿ ಹಾಕಿ. ನೀವೆಲ್ಲ ಬೆಳಗಿನ ಜಾವ ಬಸ್ಸಿಳಿಯುತ್ತಿದ್ದ ಸ್ಟಾಪಿನಲ್ಲಿ ನೆರಳಿಲ್ಲದಿದ್ದರೆ ಪಂಚಾಯಿತಿಯನ್ನು ಕೇಳಿ ಒಂದು ಕಲ್ಲುಬೆಂಚು, ಒಂದು ನೀರಿನ ತೊಟ್ಟಿ. ಶಾಲೆಯಿದ್ದರೆ ಅಲ್ಲಿನ ಮಕ್ಕಳನ್ನು ವರ್ಷಕ್ಕೊಮ್ಮೆ ಅವರೂರಿನದೇ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಬುಡದಲ್ಲೇ ಹುಟ್ಟಿ ತುದಿ ನೋಡದ ಮಕ್ಕಳು ತುಂಬ ಇದ್ದಾರೆ.

ಸ್ಮಾರಕಗಳೇ ಬೇಡ ಅನ್ನುವವನು ನಾನಲ್ಲ. ನ್ಯೂಯಾರ್ಕ್ ಮ್ಯಾರಥಾನ್ ಕಟ್ಟಿ ಬೆಳೆಸಿದ ಫ್ರೆಡ್ ಲೆಬೊ ಅವರದು ಸೆಂಟ್ರಲ್ ಪಾರ್ಕಿನಲ್ಲಿ ಒಂದು ಪ್ರತಿಮೆ ಇದೆ. 1970ರ ಮೊದಲ ಓಟಕ್ಕೆ ಬಂದವರು 127, ಮುಗಿಸಿದವರು 55 ಜನ. ಅಲ್ಲಿಂದ ಶುರುಮಾಡಿದವರು ಅವರು. 1994ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಪ್ರತಿಮೆ ಕೈಗಡಿಯಾರ ನೋಡುತ್ತಾ ನಿಂತಿದೆ. ಮ್ಯಾರಥಾನಿನ ಹೊತ್ತಿಗೆ ಅದನ್ನು ಎತ್ತಿಕೊಂಡು ಹೋಗಿ ಓಟ ಮುಗಿಯುವ ಗೆರೆ ಕಾಣುವ ಹಾಗೆ ನಿಲ್ಲಿಸುತ್ತಾರೆ. ಅದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು. ಅಂಥದ್ದನ್ನು ನಿಮ್ಮ ಬೆಟ್ಟದಲ್ಲಿ ಮಾಡಲು ಆಗುವುದಿಲ್ಲ, ಆದರೆ ಮೇಷ್ಟ್ರ ಸೀಟಿ ನಿಮ್ಮ ಹತ್ತಿರ ಇದ್ದರೆ ಪ್ರತಿ ಚಾರಣಕ್ಕೂ ಯಾರಾದರೂ ಒಬ್ಬರು ಕೊರಳಿಗೆ ಹಾಕಿಕೊಂಡು ಹೋಗಿ ಬನ್ನಿ.

ಪ್ರಶ್ನೆ: ನನಗೆ 23 ವರ್ಷ. ನಮ್ಮ ಓಟದ ಗುಂಪಿನಲ್ಲಿ ಪ್ರತಿ ಭಾನುವಾರ ನೀರು, ಬಾಳೆಹಣ್ಣಿನ ಜವಾಬ್ದಾರಿ ನೋಡುತ್ತಿದ್ದ ಅಣ್ಣ ಆರು ತಿಂಗಳ ಹಿಂದೆ ಅಪಘಾತದಲ್ಲಿ ಹೋದರು. ಅವರ ಕೆಲಸ ನನಗೆ ಬಂತು. ಏನೇ ಹೆಚ್ಚುಕಡಿಮೆ ಆದರೂ "ಅವರಿದ್ದಿದ್ರೆ ಹೀಗಾಗ್ತಿರ್ಲಿಲ್ಲ" ಅಂತಾರೆ. ಮೊನ್ನೆ ನೀರು ಸಾಕಾಗಲಿಲ್ಲ, ಒಬ್ಬರು ಎಲ್ಲರ ಎದುರು ಅಂದರು. ಮನೆಗೆ ಬಂದು ಅತ್ತೆ. ಬಿಟ್ಟುಬಿಡಲಾ?
ಮೈಸೂರು

ಉತ್ತರ: ತಮ್ಮಾ, ಬಿಡುವುದಾದರೂ ಅವರ ಮಾತಿಗೆ ಬಿಡಬೇಡ. ಆ ಮಾತು ನಿನ್ನ ಮೇಲಿನ ದೂರು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಆ ಅಣ್ಣ ನೆನಪಾಗಿದ್ದಾರೆ, ಬೇರೆ ಹೇಗೆ ಹೇಳಬೇಕು ಅಂತ ಗೊತ್ತಾಗಿಲ್ಲ, ಖಾಲಿ ಕ್ಯಾನಿನ ನೆಪ ಸಿಕ್ಕಿದೆ. ಎಲ್ಲರ ಎದುರು ಹಾಗೆ ಅಂದದ್ದು ಮಾತ್ರ ತಪ್ಪು, ಆ ಗುಂಪಿನ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಹುಡುಗನ ಪರವಾಗಿ ಒಂದು ಮಾತು ಆಡಿ.

ಮುಂದಿನ ಸಲ ಯಾರಾದರೂ ಹಾಗೆ ಅಂದರೆ ಕೇಳು: ಅಣ್ಣ ಇದನ್ನ ಹೇಗೆ ಮಾಡ್ತಿದ್ರು? ನಿಜವಾಗಿ ತಿಳಿದುಕೊಳ್ಳಲು ಕೇಳು. ಅವರು ಎಷ್ಟು ಗಂಟೆಗೆ ಬರುತ್ತಿದ್ದರು, ಕ್ಯಾನ್ ಎಲ್ಲಿಂದ ತರುತ್ತಿದ್ದರು, ಯಾರ ಗಾಡಿ. ಹತ್ತು ಜನ ಹತ್ತು ಕತೆ ಹೇಳುತ್ತಾರೆ, ಆ ಕತೆಗಳ ಮಧ್ಯೆ ಅಣ್ಣನಿಗೂ ನೀರು ಸಾಕಾಗದ ಒಂದು ಭಾನುವಾರ ಇದ್ದದ್ದು ಹೊರಗೆ ಬರುತ್ತದೆ. ಬಂದೇ ಬರುತ್ತದೆ, ಎಲ್ಲರಿಗೂ ಇರುತ್ತದೆ. ಒಬ್ಬನೇ ಮಾಡಬೇಡ. ಅಣ್ಣ ಒಬ್ಬರೇ ಮಾಡುತ್ತಿದ್ದರು ಅನ್ನುವುದು ನೀನೂ ಒಬ್ಬನೇ ಮಾಡಬೇಕು ಅನ್ನುವುದಕ್ಕೆ ಕಾರಣವಲ್ಲ, ಇನ್ನೊಬ್ಬರನ್ನು ಜೊತೆಗೆ ಕೇಳು. ಮತ್ತೆ ಒಂದು ಭಾನುವಾರ ನೀನೂ ಓಡು, ಅವತ್ತು ಅವರಲ್ಲಿ ಒಬ್ಬರು ಕ್ಯಾನ್ ಹಿಡಿಯಲಿ.

ನಾನು ಮೊದಲ ಸಲ ಒಂದು ಓಟದಲ್ಲಿ ನೀರಿನ ಮೇಜಿಗೆ ನಿಂತಾಗ ನನಗೂ ಸರಿಸುಮಾರು ನಿನ್ನಷ್ಟೇ ವಯಸ್ಸು. ಲೋಟಗಳನ್ನು ಅಂಚಿನ ತನಕ ತುಂಬಿಸಿ ಸಾಲಾಗಿ ಇಟ್ಟಿದ್ದೆ, ಬಂದವರೆಲ್ಲ ಎದೆಯ ಮೇಲೆ ಚೆಲ್ಲಿಕೊಂಡು ಹೋದರು, ಅರ್ಧ ನೀರು ಹಾಳಾಯಿತು. ಪಕ್ಕದ ಮೇಜಿನಲ್ಲಿದ್ದ ಒಬ್ಬ ಅಜ್ಜ ಏನೂ ಅನ್ನದೆ ಬಂದು, ನನ್ನ ಲೋಟಗಳಿಂದ ಅರ್ಧರ್ಧ ವಾಪಸ್ ಜಗ್ಗಿಗೆ ಸುರಿದರು. ಓಡುತ್ತಾ ಕುಡಿಯುವವರಿಗೆ ಅರ್ಧ ಲೋಟ ಸಾಕು, ಅಂಚನ್ನು ಬೆರಳಲ್ಲಿ ಹಿಡಿಯಬೇಡ, ಅಂಗೈ ಮೇಲೆ ಇಟ್ಟು ಚಾಚು, ಅವರೇ ಎತ್ತಿಕೊಳ್ಳುತ್ತಾರೆ ಅಂದರು. ಬಾಳೆಹಣ್ಣು ಕತ್ತರಿಸುವಾಗ ಸಿಪ್ಪೆ ತೆಗೆಯಬಾರದು, ಎರಡು ತುಂಡು ಮಾಡಿದರೆ ಸಾಕು, ಶನಿವಾರ ತರುವಾಗ ಸ್ವಲ್ಪ ಗಟ್ಟಿ ಇರುವುದನ್ನೇ ನೋಡಿ ತಾ ಅಂತಲೂ ಹೇಳಿದರು. ಅವರ ಹೆಸರು ನಾನು ಕೇಳಲಿಲ್ಲ, ಆಮೇಲೆ ಸಿಗಲೂ ಇಲ್ಲ. ಈಗಲೂ ನಾನು ಲೋಟ ತುಂಬಿಸುವುದು ಅರ್ಧವೇ.